ದಾಸಣ್ಣ ‘ಆತು’ ಅನ್ನಬೇಕು

ತೆಂಗಿನಗುಂಡಿಯ ದಕ್ಕೆಯಿಂದ ಬೋಟು ಕಡಲಿಗೆ ಹೊರಡಬೇಕಾದರೆ ಡೀಸೆಲ್ ಬೇಕು, ಐಸ್ ಬೇಕು, ಬಲೆ ಬೇಕು, ಸರ್ಕಾರದ ಕಾಗದಪತ್ರ ಬೇಕು. ಇಷ್ಟೆಲ್ಲ ಇದ್ದ ಮೇಲೂ ದಾಸ ಮೊಗೇರ ‘ಆತು’ ಅನ್ನಬೇಕು. ಈ ಕೊನೆಯದಕ್ಕೆ ಯಾವ ಕಾನೂನೂ ಇಲ್ಲ, ಮೂವತ್ತೈದು ವರ್ಷದಿಂದ ನಡೆದುಕೊಂಡು ಬಂದಿದೆ ಅಷ್ಟೇ. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ಬಂದ್. ಆಗ ಬಿಚ್ಚಿಟ್ಟ ಎಂಜಿನ್ನುಗಳನ್ನು ಜುಲೈ ಕೊನೆಯ ಹೊತ್ತಿಗೆ ಜೋಡಿಸಿ ಒಂದೊಂದಾಗಿ ಚಾಲೂ ಮಾಡುತ್ತಾರೆ. ದಾಸ ಮೊಳದುದ್ದದ ಒಂದು ಸ್ಕ್ರೂಡ್ರೈವರು ಹಿಡಿದುಕೊಂಡು ಎಂಜಿನ್ ಕೋಣೆಗೆ ಇಳಿಯುತ್ತಾನೆ. ತುದಿಯನ್ನು ಎಂಜಿನ್ನಿನ ಮೈಗೆ, ಹಿಡಿಯನ್ನು ತನ್ನ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಾನೆ. ಮೇಲೆ ಬೋಟಿನ ಯಜಮಾನ, ಬೋಟು ನಡೆಸುವ ತಾಂಡೇಲ, ಕೆಲಸದವರು ಎಲ್ಲರೂ ಬೀಡಿ ಆರಿಸಿ, ಬಾಯಿ ಮುಚ್ಚಿ ನಿಲ್ಲುತ್ತಾರೆ. ಊರಿನಲ್ಲಿ ಇಷ್ಟೊಂದು ಜನ ಒಟ್ಟಿಗೆ ಸುಮ್ಮನಿರುವುದು ವರ್ಷದಲ್ಲಿ ಇದೊಂದೇ ಸಲ. ಕೆಳಗಿನಿಂದ ‘ಆತು’ ಎಂದು ಕೇಳಿದ ಮೇಲೆಯೇ ತೆಂಗಿನಕಾಯಿ ಒಡೆಯುವುದು.

ಇಂಥ ಮನುಷ್ಯ ಜನ್ಮದಲ್ಲಿ ಒಂದು ಬಂಗಡೆಯನ್ನೂ ಹಿಡಿದವನಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಮೀನು ಹಿಡಿಯುವ ಮೊಗೇರರ ಮನೆಯಲ್ಲಿ ಹುಟ್ಟಿದ ದಾಸನಿಗೆ ಕಡಲೆಂದರೆ ಆಗದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಮೊದಲ ಸಲ ಬೋಟು ಹತ್ತಿದವನು ದಡ ಕಣ್ಮರೆಯಾಗುವ ಮೊದಲೇ ವಾಂತಿ ಶುರುಮಾಡಿದ. ಎದ್ದು ಕೂರಲಾಗದೆ ಹಲಗೆಗೆ ಕಿವಿ ಹಚ್ಚಿ ಬಿದ್ದುಕೊಂಡಿದ್ದ. ಹಾಗೆ ಬಿದ್ದವನು ಸುಮ್ಮನೆ ಬಿದ್ದಿರದೆ, “ಹಲಗೆ ಅಡಿಗೆ ಎಂತದೋ ಅರೀತಾ ಅದೆ” ಎಂದು ನರಳಿದ. ಹೊಟ್ಟೆಯೇ ಇರಬೇಕು ಎಂದು ಎಲ್ಲರೂ ನಕ್ಕರು. ತಾಂಡೇಲ ಮಾತ್ರ ನಗದೆ ಬೋಟು ತಿರುಗಿಸಿದ. ದಡಕ್ಕೆ ಬಂದು ಬಿಚ್ಚಿ ನೋಡಿದರೆ ನೀರೊಳಗೆ ಬೋಟು ತಳ್ಳುವ ಫ್ಯಾನಿನ ದಂಡದ ಬೇರಿಂಗು ಬಿರುಕು ಬಿಟ್ಟಿತ್ತು. ಅಂದಿನಿಂದ ದಾಸನನ್ನು ಯಾರೂ ಕಡಲಿಗೆ ಕರೆಯಲಿಲ್ಲ. ಆರೇಳು ವರ್ಷದಲ್ಲಿ ಬೋಟುಗಳೇ ಅವನ ಹತ್ತಿರ ಬರತೊಡಗಿದವು. ಒಂದು ವರ್ಷ ಹೊನ್ನಾವರ ಕಡೆಯವನೊಬ್ಬ ದಾಸನ ‘ಆತು’ ಇಲ್ಲದೆ ಜಂಬದಿಂದ ಹೊರಟು, ನೇತ್ರಾಣಿ ದ್ವೀಪ ದಾಟುವ ಮೊದಲೇ ಗೇರ್‌ಬಾಕ್ಸ್ ಕಳಚಿಕೊಂಡು, ಇನ್ನೊಂದು ಬೋಟಿಗೆ ಹಗ್ಗ ಕಟ್ಟಿಸಿಕೊಂಡು ವಾಪಸು ಬಂದ. ದಾಸ ಆ ದಿನ ದಕ್ಕೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡು ಸಂಜೆಯವರೆಗೂ ಅಡ್ಡಾಡಿದ್ದನ್ನು ನೋಡಿದವರಿದ್ದಾರೆ.

ಈಗ ದಾಸನಿಗೆ ಅರವತ್ತೊಂದು. ಅವನ ಕಿವಿಯ ಬಗ್ಗೆ ಊರಿಗೆಲ್ಲ ಒಂದು ಅಭಿಪ್ರಾಯವಿದ್ದರೆ ಹೆಂಡತಿ ಬೆಳ್ಳಿಗೆ ಬೇರೆಯೇ ಅಭಿಪ್ರಾಯವಿತ್ತು.

“ದಕ್ಕೆಯಲ್ಲಿ ಎಂಜಿನ್ ಕೆಮ್ಮಿದ್ರೆ ಇವರಿಗೆ ಮನೆಯಲ್ಲಿ ಕೂತು ಕೇಳ್ತದೆ. ನಾನು ಬಾವಿಕಟ್ಟೆಯಿಂದ ಹತ್ತು ಸಲ ಕೂಗಿದ್ರೂ ಕೇಳೂದಿಲ್ಲ. ಇದು ಎಂತ ಕಿವಿಯೋ” ಎನ್ನುತ್ತಿದ್ದಳು.

ಬೆಳ್ಳಿಯ ಕಷ್ಟ ಸುಳ್ಳಲ್ಲ. ದಾಸನಿಗೆ ಅಂಗಳದ ಮಾಡಿನ ಕೆಳಗೆ ಕೂತು ನಾಜಲ್ಲು, ವಾಲ್ವು ಉಜ್ಜುತ್ತ ಟಿವಿ ಕೇಳುವ ಚಟ. ಟಿವಿ ಇರುವುದು ಒಳಗೆ. ಅಂಗಳಕ್ಕೆ ಕೇಳಬೇಕೆಂದರೆ ಸೌಂಡು ಎಷ್ಟಿರಬೇಕೋ ಅಷ್ಟು ಇಡುತ್ತಿದ್ದ. ಒಳಗಿದ್ದವರ ಗತಿ ಏನು ಎಂಬುದು ಅವನ ಲೆಕ್ಕದಲ್ಲಿ ಬರುತ್ತಿರಲಿಲ್ಲ. ಬೆಳಗ್ಗೆ ವಾರ್ತೆ, ಮಧ್ಯಾಹ್ನ ಯಕ್ಷಗಾನ. ಚಂಡೆ ಬಾರಿಸಿದರೆ ಅಡಿಗೆಮನೆಯ ಲೋಟಗಳು ಅಲುಗುತ್ತಿದ್ದವು. ಶಿರಾಲಿ ಪೇಟೆಯಲ್ಲಿ ದಿನವಿಡೀ ಗಂಟಲು ಹರಿದುಕೊಂಡು ಮೀನು ಮಾರಿ ಬಂದವಳಿಗೆ ಮನೆಯಲ್ಲಾದರೂ ಸ್ವಲ್ಪ ಶಾಂತಿ ಬೇಡವೇ?

ಮಗಳು ಸುಚಿತಾಳಿಗೆ ಕುಮಟೆಯಲ್ಲಿ ಕೆಲಸ. ಮದುವೆ ಹಾಡು, ಊರಿನ ಹೆಂಗಸರು ಹೇಳುವ ಹಳೆಯ ಪದಗಳು, ಶಾಲೆಯ ನಾಟಕ ಇವನ್ನೆಲ್ಲ ಧ್ವನಿಮುದ್ರಣ ಮಾಡುವ ಒಂದು ಸಣ್ಣ ಸ್ಟುಡಿಯೋ ಅದು. ಅಲ್ಲಿ ಹೊಸ ಹೆಡ್‌ಫೋನು ತರಿಸಿದಾಗ ಹಳೆಯ ಒಂದನ್ನು ಸುಚಿತಾಳಿಗೆ ಕೊಟ್ಟರು. ಅಮ್ಮನ ದೂರನ್ನು ಫೋನಿನಲ್ಲಿ ವಾರಕ್ಕೆ ಮೂರು ಸಲ ಕೇಳುತ್ತಿದ್ದ ಅವಳು ಅದನ್ನು ಜುಲೈ ಮೊದಲ ಭಾನುವಾರ ಮನೆಗೆ ತಂದಳು.

“ಅಪ್ಪಾ, ಇದು ಸ್ಟುಡಿಯೋದ್ದು. ಹಿಂದ್ಗಡೆ ಪೂರಾ ಮುಚ್ಚಿದ್ದು. ಒಳಗಿನ ಸೌಂಡು ಹೊರಗೆ ಹೋಗೂದಿಲ್ಲ, ಹೊರಗಿಂದು ಒಳಗೆ ಬರೂದಿಲ್ಲ.”

ದಾಸ ಕೈಯಲ್ಲಿದ್ದ ವಾಲ್ವನ್ನು ಕೆಳಗಿಟ್ಟ. “ನಂಗೆ ಕಿವುಡು ಅಂತ ಮಾಡಿದ್ಯನೆ?”

“ಅಲ್ಲಪ್ಪಾ. ಅಮ್ಮಂಗೆ ತಲೆನೋವು ಅಂತ ಮಾಡಿದ್ದು.”

ಮಗಳು ನಗುತ್ತ ಹೇಳಿದರೂ ದಾಸನಿಗೆ ನಗು ಬರಲಿಲ್ಲ. ಕಿವಿಯನ್ನೇ ನಂಬಿ ಬದುಕಿದವನಿಗೆ ಕಿವಿಗೆ ಹಾಕುವ ಸಾಮಾನು ತಂದುಕೊಟ್ಟರೆ ಅವನು ಏನು ತಿಳಿಯಬೇಕು? ಅವನಿಗೆ ನಿಜಕ್ಕೂ ಬೇಜಾರಾಯಿತು. ಈ ಸುದ್ದಿ ದಕ್ಕೆಗೆ ಹೋದರೆ ನಾಳೆ ಅವನ ‘ಆತು’ವನ್ನು ಯಾರು ಕೇಳುತ್ತಾರೆ? ಆದರೆ ಮಗಳು ಪ್ರೀತಿಯಿಂದ ತಂದದ್ದನ್ನು ಬೇಡ ಎನ್ನಲೂ ಬಾಯಿ ಬರಲಿಲ್ಲ. ಅದಕ್ಕೊಂದು ಉಪಾಯ ಹುಡುಕಿದ. ಪರೀಕ್ಷೆ ಮಾಡಿ ಇದರಲ್ಲೊಂದು ದೋಷ ಕಂಡುಹಿಡಿಯಬೇಕು. ದೋಷವಿದ್ದರೆ ಮರ್ಯಾದೆಯಿಂದ ವಾಪಸು ಕಳಿಸಬಹುದು.

ಪರೀಕ್ಷೆ ಶುರುವಾಯಿತು. ಮೊದಲು ಅಂಗೈಯಲ್ಲಿಟ್ಟು ಭಾರ ನೋಡಿದ. ಕೀಲುಗಳನ್ನು ಆಚೆ ಈಚೆ ತಿರುಗಿಸಿದ. ಕಿವಿಗೆ ತಾಗುವ ಮೆತ್ತೆಯನ್ನು ಮೂಸಿದ. ತೆಂಗಿನಕಾಯಿ ಬಾರಿಸಿ ನೋಡುವ ಹಾಗೆ ಹಿಂಬದಿಯ ಚಿಪ್ಪನ್ನು ಬೆರಳ ಗೆಣ್ಣಿನಿಂದ ಬಾರಿಸಿ ಹೂಂ ಎಂದ. ಸ್ಕ್ರೂ ಎಲ್ಲಿದೆ ಎಂದು ಹುಡುಕತೊಡಗಿದಾಗ ಸುಚಿತಾ ಕಸಿದುಕೊಂಡಳು. ಕೊನೆಗೆ ತಲೆಗೆ ಹಾಕಿಕೊಂಡ. ಮೆತ್ತೆ ಕಿವಿಯ ಸುತ್ತ ಬಿಗಿಯಾಗಿ ಕೂತಿತು. ಒಂದೇ ನಿಮಿಷದಲ್ಲಿ ಕಿವಿ ಬೆವರಿತು. “ಸೆಕೆ” ಎಂದ. ಅದು ಮೊದಲ ದೋಷ, ಆದರೆ ಸಾಲದು.

ಸುಚಿತಾ ಫೋನಿಗೆ ವೈರು ಸಿಕ್ಕಿಸಿ ಒಂದು ಹಾಡು ಹಾಕಿದಳು. ದಾಸ ಅರ್ಧಕ್ಕೇ ಕೈ ಎತ್ತಿದ.

“ಈ ಹಾಡು ನಂಗೆ ಗೊತ್ತಿಲ್ಲ. ಅವರು ಹೆಂಗೆ ಹಾಡಿದ್ರು ಅಂತ ಗೊತ್ತಿಲ್ಲದೆ ಇದು ಸರಿ ಹೇಳ್ತದೋ ತಪ್ಪು ಹೇಳ್ತದೋ ಹೆಂಗೆ ಗೊತ್ತಾಗ್ಬೇಕು? ಗೊತ್ತಿದ್ದ ಶಬ್ದ ಎಂತಾದ್ರೂ ಹಾಕು.”

ಹೆಡ್‌ಫೋನುಗಳ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಪುಟಗಟ್ಟಲೆ ಬರೆಯುವ ಮಹಾನುಭಾವರಿದ್ದಾರೆ. ಎಲ್ಲೆಲ್ಲಿಯದೋ ಸಂಗೀತ ಕೇಳಿ ಏನೇನೋ ತೀರ್ಪು ಕೊಡುತ್ತಾರೆ. ಅವರು ಹತ್ತು ಪುಟದಲ್ಲಿ ಸುತ್ತಿ ಬಳಸಿ ಹೇಳುವುದನ್ನು ದಾಸ ಕೈಯ ಗ್ರೀಸು ಒರೆಸಿಕೊಳ್ಳುತ್ತ ಎರಡು ಮಾತಿನಲ್ಲಿ ಮುಗಿಸಿದ್ದ.

ಸುಚಿತಾ ಯೋಚಿಸಿದಳು. ಹಿಂದಿನ ವರ್ಷ ಯಾವುದೋ ನಾಟಕಕ್ಕೆ ಬೇಕೆಂದು ದಕ್ಕೆಯ ರಾಜೀವನ ಬೋಟಿನ ಎಂಜಿನ್ ಶಬ್ದವನ್ನು ಸ್ಟುಡಿಯೋದ ಮೈಕಿನಲ್ಲೇ ಹಿಡಿದಿಟ್ಟಿದ್ದಳು. ಅದನ್ನು ಹುಡುಕಿ ಹಾಕಿದಳು.

ದಾಸನ ಕಣ್ಣು ತಾನಾಗಿ ಮುಚ್ಚಿತು. ಬಲಗೈ ಇಲ್ಲದ ಸ್ಕ್ರೂಡ್ರೈವರನ್ನು ಹುಡುಕಿತು. ಆರು ಸಿಲಿಂಡರೂ ಒಂದರ ಹಿಂದೆ ಒಂದು ಬಂದು ಅವನ ತಲೆಯೊಳಗೆ ನಿಂತವು. ಎಂಜಿನ್ನಿನ ತಳದ ಗುಡುಗು ಹೊಟ್ಟೆಗೆ ತಾಗುವಷ್ಟಿದ್ದರೂ ಮೇಲಿನ ಸಣ್ಣ ಸದ್ದುಗಳನ್ನು ನುಂಗಿ ಹಾಕಿರಲಿಲ್ಲ. ಟಿವಿಯಲ್ಲಾದರೆ ಎಂಜಿನ್ನೂ ಮಂತ್ರಿಯೂ ಒಂದೇ ಥರ ಗುಂಯ್ ಅನ್ನುತ್ತಾರೆ. ಇಲ್ಲಿ ಎಲ್ಲವೂ ತಂತಮ್ಮ ಜಾಗದಲ್ಲಿತ್ತು. ನಾಲ್ಕನೆಯದರ ಟ್ಯಾಪೆಟ್ ಕಿಟಿಕಿಟಿ ಅನ್ನುತ್ತಿತ್ತು. ಅದನ್ನು ಮರುದಿನ ತಾನೇ ಬಿಗಿ ಮಾಡಿದ್ದು ನೆನಪಾಯಿತು. ನೀರಿನ ಪಂಪು ಎಡಗಡೆ ತೊಟ್ಟಿಕ್ಕುತ್ತಿತ್ತು. ಬಲಗಡೆ, ದೂರದಲ್ಲಿ, ಯಾರೋ ಕೆಮ್ಮಿದರು.

“ಇದು ರಾಜೀವ. ಐಸ್ ತುಂಬೂ ಬಾಯಿ ಹತ್ರ ನಿಂತಿದ್ದ” ಎಂದ ದಾಸ.

“ಹೌದು” ಎಂದಳು ಸುಚಿತಾ, ಒಂದು ಕಿವಿಯ ಮೆತ್ತೆ ಎತ್ತಿ. “ಹಂಗಾರೆ ಹೆಂಗದೆ?”

ದಾಸನಿಗೆ ಪೇಚಿಗಿಟ್ಟುಕೊಂಡಿತು. ಇದು ಒಂದನ್ನೂ ಮುಚ್ಚಿಡಲಿಲ್ಲ, ತನ್ನದೊಂದನ್ನೂ ಸೇರಿಸಲಿಲ್ಲ. ಸ್ಕ್ರೂಡ್ರೈವರಿನ ಹೊರತು ಹೀಗೆ ನಿಯತ್ತಾಗಿ ವರದಿ ಮಾಡುವ ವಸ್ತುವನ್ನು ಅವನು ಕಂಡಿರಲಿಲ್ಲ. ಆದರೂ ಬಾಯಿಬಿಟ್ಟು ಹೊಗಳುವ ಜಾಯಮಾನ ಅವನದಲ್ಲ.

“ಅಡ್ಡಿಲ್ಲ” ಎಂದ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಧ್ವನಿಮುದ್ರಣ ಮುಗಿಯಿತು. ದಾಸ ಹೆಡ್‌ಫೋನು ತೆಗೆಯಲಿಲ್ಲ. ಮಳೆ ನಿಂತಿತ್ತು. ಹೊರಗಿನ ಕಾಗೆ, ಬಾವಿಯ ರಾಟೆ, ಬೆಳ್ಳಿಯ ಗೊಣಗಾಟ ಯಾವುದೂ ಒಳಗೆ ಬರುತ್ತಿರಲಿಲ್ಲ. ಆ ಮೌನದಲ್ಲಿ ಅವನ ಹುಬ್ಬು ಗಂಟಾಯಿತು.

“ಎಂಜಿನ್ ಬಂದ್ ಮಾಡು.”

“ಆಗ್ಲೇ ಬಂದ್ ಆಗದೆ ಅಪ್ಪಾ” ಎಂದಳು ಸುಚಿತಾ, ಮತ್ತೆ ಮೆತ್ತೆ ಎತ್ತಿ.

“ಇಲ್ಲ. ಸಣ್ಣಕೆ ನಡೀತಾ ಅದೆ. ಮಿಸ್ಸಿಂಗ್ ಬೇರೆ ಅದೆ.”

ಮಿಸ್ಸಿಂಗ್ ಎಂದರೆ ಎಂಜಿನ್ನು ಓಡುವಾಗ ನಡುವೆ ಒಂದು ಹೊಡೆತ ತಪ್ಪುವುದು. ದಾಸ ಬೆರಳು ಮಡಚಿ ಎಣಿಸಿದ. ಡುಬು ಡುಬು ಎಂದು ಎಂಟು ಹೊಡೆತ ಸರಿಯಾಗಿ ಬೀಳುತ್ತದೆ, ಒಂಬತ್ತನೆಯದು ಇಲ್ಲ, ಮತ್ತೆ ಎಂಟು. ಅವನ ಮುಖ ಅರಳಿತು. ದೋಷ ಸಿಕ್ಕಿತ್ತು.

ಸುಚಿತಾ ಹಾಕಿಕೊಂಡು ಕೇಳಿದಳು, ಅವಳಿಗೆ ಏನೂ ಕೇಳಿಸಲಿಲ್ಲ. ಬೆಳ್ಳಿ ಕೈ ಒರೆಸಿಕೊಂಡು ಬಂದು ದೊಡ್ಡ ತುರುಬಿನ ಮೇಲೆ ಅದನ್ನು ಓರೆಯಾಗಿ ಏರಿಸಿಕೊಂಡಳು. “ಎಂತದೂ ಇಲ್ಲ. ಕಾಗೆ ಕೂಗೂದು ಕೇಳ್ತದೆ” ಎಂದಳು. ದಾಸ ಮತ್ತೆ ಹಾಕಿಕೊಂಡ. ಡುಬು ಡುಬು, ಎಂಟು, ಮಿಸ್ಸಿಂಗ್. ಅಮ್ಮ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನ ಕಿವಿಗೆ ಏನೋ ಆಗಿದೆ ಎಂದು ಮರುದಿನ ಕುಮಟೆಗೆ ಹೊರಡುವಾಗ ಸುಚಿತಾ ಅಮ್ಮನ ಹತ್ತಿರ ಮೆಲ್ಲಗೆ ಹೇಳಿದಳು. ಬೆಳ್ಳಿಗೂ ಹಾಗೆಯೇ ಅನಿಸಿತ್ತು.

ಬೆಳ್ಳಿ ಕೆಟ್ಟವಳಲ್ಲ. ಆದರೆ ಮನಸ್ಸಿನಲ್ಲಿ ಚಿಂತೆ ಇಟ್ಟುಕೊಂಡು ಒಣಮೀನು ಮಾರುವ ಅಭ್ಯಾಸ ಅವಳಿಗಿಲ್ಲ. ಶಿರಾಲಿ ಪೇಟೆಯಲ್ಲಿ ಪಕ್ಕದಲ್ಲಿ ಕೂರುವ ಬಂಗಾರಿಯ ಹತ್ತಿರ, “ಇವರಿಗೆ ಇಲ್ಲದ ಶಬ್ದ ಕೇಳೂಕೆ ಶುರುವಾಗದೆ ಮಾರಾಯ್ತಿ” ಎಂದು ಕಣ್ಣೊರೆಸಿಕೊಂಡಳು. ಬಂಗಾರಿಯ ಮನೆ ದಾಸನ ಮನೆಯಿಂದ ನಾಲ್ಕನೆಯದು. ಮಾತು ಅವಳಿಗಿಂತ ಮೊದಲೇ ತೆಂಗಿನಗುಂಡಿ ಮುಟ್ಟಿತು. ಎರಡು ದಿನದಲ್ಲಿ ದಕ್ಕೆಯವರೆಲ್ಲ ದಾಸನ ಜೊತೆ ಜೋರಾಗಿ, ಬಿಡಿಸಿ ಬಿಡಿಸಿ ಮಾತನಾಡತೊಡಗಿದರು.

ಮೂರನೆಯ ದಿನ ರಾಜೀವ ಮನೆಗೇ ಬಂದ. ಎರಡು ಬೋಟಿನ ಯಜಮಾನ, ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರು ಕೆಟ್ಟ ಸುದ್ದಿ ಹೇಳಲು ಬಂದಾಗ ಕೂರುವ ಹಾಗೆ ಜಗಲಿಯ ತುದಿಯಲ್ಲಿ ಕೂತ.

“ದಾಸಣ್ಣ, ಈ ಸಲ ನೀ ಮಳೆಯಲ್ಲಿ ಎಂತಕೆ ಬತ್ತೀಯೆ. ಮಂಗಳೂರಿಂದ ಕಂಪನಿಯವ ಒಬ್ಬ ಕಂಪ್ಯೂಟರ್ ಹಿಡ್ಕಂಡು ಬರ್ತಾನೆ. ವೈರ್ ಸಿಕ್ಕಿಸಿದ್ರೆ ಎಂಜಿನ್ನಿಂದೆಲ್ಲ ಅದೇ ಹೇಳ್ತದಂತೆ.”

“ಅದು ‘ಆತು’ ಅಂತ ಹೇಳ್ತದೆಯ?”

“ಹಸಿರು ಬಣ್ಣ ಬರ್ತದಂತೆ.” ರಾಜೀವ ಎರಡು ಸಲ ಕೆಮ್ಮಿ, ಚಾ ಪೂರ್ತಿ ಕುಡಿಯದೆ ಎದ್ದು ಹೋದ.

ಕಿವಿಯ ಮಾತನ್ನು ಅವನು ಎತ್ತಲೇ ಇಲ್ಲ. ಅದರಿಂದಲೇ ದಾಸನಿಗೆ ಹೆಚ್ಚು ನೋವಾಯಿತು. ಮೂವತ್ತೈದು ವರ್ಷದ ಮಾತು ಹೀಗೆ ಒಂದು ಹಸಿರು ಬಣ್ಣಕ್ಕೆ ಹೋಗುವುದೆಂದರೆ ಏನು? ಆ ದಿನ ಟಿವಿ ಹಾಕಲಿಲ್ಲ. ಅಂಗಳದಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡು ಮತ್ತೆ ಮತ್ತೆ ಎಣಿಸಿದ. ಮಿಸ್ಸಿಂಗ್ ಇತ್ತು. ದೇವರಾಣೆಗೂ ಇತ್ತು. ಇದೆ ಎಂದು ಬೇರೆಯವರ ಬಾಯಲ್ಲಿ ಹೇಳಿಸಬೇಕು, ಇಲ್ಲದಿದ್ದರೆ ತನ್ನ ಕಿವಿ ಹೋಗಿದೆ ಎಂದು ತಾನೂ ಒಪ್ಪಿಕೊಳ್ಳಬೇಕು. ಬೇರೆ ದಾರಿ ಕಾಣಲಿಲ್ಲ.

ಹಾಗಾಗಿ ಜುಲೈ ಎರಡನೇ ವಾರದ ಒಂದು ಬೆಳಗ್ಗೆ ದಾಸ ಹೆಡ್‌ಫೋನನ್ನು ಕೈಗೆ ಸಿಕ್ಕ ಒಂದು ಚೀಲದಲ್ಲಿ ಹಾಕಿಕೊಂಡು ಭಟ್ಕಳದ ಬಸ್ಸು ಹತ್ತಿದ. ಅಲ್ಲಿ ಇರ್ಷಾದನ ಅಂಗಡಿ ಇದೆ. ದುಬೈಯಿಂದ ಬಂದ ರೇಡಿಯೋ, ಟೇಪು, ಈಗ ಫೋನು, ಹೆಡ್‌ಫೋನು, ಏನು ಕೆಟ್ಟರೂ ಸರಿಮಾಡುವ ನವಾಯತ ಮುಸ್ಲಿಮರ ಅಂಗಡಿ. ಇರ್ಷಾದನ ತಂದೆಯ ಕಾಲದಿಂದ ದಾಸನಿಗೆ ಪರಿಚಯ. ಅಂಗಡಿ ಇರುವುದು ಮಾಳಿಗೆಯಲ್ಲಿ. ಇಪ್ಪತ್ತೆರಡು ಮೆಟ್ಟಿಲು ಹತ್ತುವಾಗ ದಾಸ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ. ಮೆಟ್ಟಿಲು ಕಟ್ಟಿದ ಗಾರೆಯವನನ್ನು ಮನಸ್ಸಿನಲ್ಲೇ ಬೈದ.

ಚೀಲ ಬಿಚ್ಚುತ್ತಲೇ ಇರ್ಷಾದ ಮೂಗು ಮುಚ್ಚಿಕೊಂಡ. ಅದು ಬೆಳ್ಳಿಯ ಒಣಸಿಗಡಿಯ ಚೀಲವಾಗಿತ್ತು.

“ದಾಸಣ್ಣ, ಇದಕ್ಕೆ ಎಂತ ಆಗದೆ?”

“ಹಾಡು, ಎಂಜಿನ್ ಎಲ್ಲ ಚಲೋ ಕೇಳ್ತದೆ. ಸುಮ್ನಿದ್ದಾಗ ಮಿಸ್ಸಿಂಗ್.”

ಸುಮ್ಮನಿರುವಾಗ ಕೆಡುವ ಹೆಡ್‌ಫೋನನ್ನು ಇರ್ಷಾದ ಇದುವರೆಗೆ ಕಂಡಿರಲಿಲ್ಲ. ಹಾಕಿಕೊಂಡು ಕೇಳಿದ. ಮೀಟರು ಹಿಡಿದು ನೋಡಿದ. ವೈರು ಅಲುಗಾಡಿಸಿದ. “ಏನೂ ಇಲ್ಲ ದಾಸಣ್ಣ, ಒಳ್ಳೆ ಸೆಟ್ಟು” ಎಂದ. ದಾಸ ಒಪ್ಪಲಿಲ್ಲ. ಹಾಗಾದರೆ ಬೇರೆಯದು ಹಾಕಿ ನೋಡು ಎಂದು ಇರ್ಷಾದ ಕಪಾಟಿನಿಂದ ಅದೇ ಥರದ, ಹಿಂಬದಿ ಮುಚ್ಚಿದ ಇನ್ನೊಂದನ್ನು ಕೊಟ್ಟ. ದಾಸ ಕಣ್ಣು ಮುಚ್ಚಿ ಕೂತ.

“ಇದರಲ್ಲೂ ಅದೆ. ಇದು ಇನ್ನೂ ಖರಾಬು. ಐದಕ್ಕೊಂದು ಮಿಸ್ಸಿಂಗ್.”

ಮೂರನೆಯದು ಕೊಟ್ಟ. ಅದರಲ್ಲೂ ಇತ್ತು. ನಾಲ್ಕನೆಯದು ಜಪಾನಿನದು, ಐದನೆಯದು ಜರ್ಮನಿಯದು, ಗಾಜಿನ ಪೆಟ್ಟಿಗೆಯೊಳಗೆ ಬೀಗ ಹಾಕಿ ಇಟ್ಟದ್ದು. ದಾಸ ಅದನ್ನೂ ಹಾಕಿ ಕೇಳಿ, ತೆಗೆದಿಟ್ಟು ತಲೆಯಾಡಿಸಿದ.

“ಜರ್ಮನಿಯವರೂ ಹಿಂಗೆ ಮಾಡಿದ್ರೆ ಯಾರನ್ನ ನಂಬೂದು ಇರ್ಷಾದ?”

ಇರ್ಷಾದ ಅವನ ಭುಜ ಮುಟ್ಟಿ, ಕೈಯಲ್ಲಿದ್ದ ವೈರಿನ ತುದಿಯನ್ನು ಎತ್ತಿ ತೋರಿಸಿದ. “ದಾಸಣ್ಣ, ಇದನ್ನ ನಾನು ಇನ್ನೂ ಯಾವುದಕ್ಕೂ ಸಿಕ್ಕಿಸ್ಲೇ ಇಲ್ಲ.”

ದಾಸ ವೈರಿನ ತುದಿ ನೋಡಿದ. ಆಮೇಲೆ ಮೇಜಿನ ಮೇಲೆ ಸಾಲಾಗಿ ಬಿದ್ದಿದ್ದ ಐದನ್ನೂ ನೋಡಿದ. ಮೆಕ್ಯಾನಿಕ್ಕಿನ ತಲೆ ತನ್ನ ಪಾಡಿಗೆ ಕೆಲಸ ಶುರುಮಾಡಿತು. ಐದು ಬೋಟಿನಲ್ಲೂ ಒಂದೇ ಮಿಸ್ಸಿಂಗ್ ಬಂದರೆ ತಪ್ಪು ಎಂಜಿನ್ನಿನದಲ್ಲ, ಡೀಸೆಲ್ಲಿನದು. ಐದಕ್ಕೂ ಸಮಾನವಾದದ್ದು ಯಾವುದು ಎಂದು ನೋಡಬೇಕು. ಇಲ್ಲಿ ಕರೆಂಟಿಲ್ಲ, ಫೋನಿಲ್ಲ. ಐದಕ್ಕೂ ಸಮಾನವಾಗಿರುವುದು ಒಂದೇ, ಅವುಗಳ ನಡುವಿನ ತಲೆ.

ಅವನು ಜರ್ಮನಿಯದನ್ನು ಮತ್ತೆ ಹಾಕಿಕೊಂಡು, ಬಲಗೈಯ ಎರಡು ಬೆರಳನ್ನು ಎಡಗೈಯ ಮಣಿಕಟ್ಟಿನ ಮೇಲಿಟ್ಟ. ಬೆರಳಿಗೆ ಬಡಿದದ್ದೂ ಕಿವಿಗೆ ಬಡಿದದ್ದೂ ಜೊತೆಜೊತೆಯಾಗಿ ನಡೆದವು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದು ಎರಡೂ ಕಡೆ ಒಟ್ಟಿಗೇ ತಪ್ಪಿತು.

ಮೊದಲು ಅವನಿಗಾದದ್ದು ಸಂತೋಷ. ಇದನ್ನು ಯಾರ ಹತ್ತಿರ ಹೇಳಿದರೂ ನಂಬುವುದಿಲ್ಲ, ಆದರೆ ಆದದ್ದು ಹಾಗೆಯೇ. “ಕಿವಿ ಸರಿ ಅದೆ ಇರ್ಷಾದ” ಎಂದು ಗಟ್ಟಿಯಾಗಿ ನಕ್ಕ. ಇಲ್ಲದ ಶಬ್ದವಲ್ಲ, ಇದ್ದ ಶಬ್ದವನ್ನೇ ಕೇಳಿದ್ದ. ಹೆಡ್‌ಫೋನನ್ನು ನೀಟಾಗಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮಗಳದ್ದನ್ನು ಚೀಲಕ್ಕೆ ಹಾಕಿಕೊಂಡು, ಗೆದ್ದವನ ಹಾಗೆ ಮೆಟ್ಟಿಲಿಳಿಯತೊಡಗಿದ. ಹನ್ನೊಂದನೇ ಮೆಟ್ಟಿಲಿನಲ್ಲಿ ಉಳಿದದ್ದು ಹೊಳೆಯಿತು. ಕಿವಿ ಸರಿ ಇದ್ದರೆ ಕೆಟ್ಟದ್ದು ಯಾವುದು? ಬಾವಿಕಟ್ಟೆಯಲ್ಲಿ ತಲೆ ತಿರುಗಿದ್ದು, ದಕ್ಕೆಯಿಂದ ಮನೆಗೆ ನಡೆಯುವಾಗ ಕಣ್ಣು ಕತ್ತಲೆ ಬಂದದ್ದು, ಅದನ್ನೆಲ್ಲ ಮಳೆಯ ತಲೆಗೆ ಕಟ್ಟಿ ಬೆಳ್ಳಿಗೆ ಹೇಳದೆ ಇದ್ದದ್ದು ಒಂದೊಂದಾಗಿ ನೆನಪಾಯಿತು. ದಾಸನಿಗೆ ಹೆದರಿಕೆಯಾಯಿತು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ಇರ್ಷಾದ ಅಂಗಡಿಗೆ ಬಾಗಿಲೆಳೆದು ಬಂದು, ಒಣಸಿಗಡಿಯ ಚೀಲದ ಸಮೇತ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಡಾಕ್ಟರರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರು ಅರ್ಚನಾ ಎಂಬ ಹೆಂಗಸು, ಸುಚಿತಾಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಎದೆಗೆ ಒತ್ತಿ ಕಣ್ಣು ಮುಚ್ಚಿ ಕೇಳತೊಡಗಿದ್ದನ್ನು ಕಂಡು ದಾಸನಿಗೆ ಅವಳ ಮೇಲೆ ಗೌರವ ಹುಟ್ಟಿತು.

“ಡಾಕ್ಟ್ರಮ್ಮ, ನಿಮ್ಮ ಸ್ಕ್ರೂಡ್ರೈವರು ಚಲೋ ಅದೆ. ನಂದು ಹಿಂಗೆ ಬಗ್ಗೂದಿಲ್ಲ.”

“ಮಾತಾಡ್ಬೇಡಿ. ಎಷ್ಟು ದಿನದಿಂದ ಹೀಗಿದೆ?”

ಮಾತನಾಡಬೇಡಿ ಎಂದು ಪ್ರಶ್ನೆ ಕೇಳಿದರೆ ಏನು ಮಾಡುವುದೆಂದು ದಾಸ ಕ್ಷಣ ಯೋಚಿಸಿದ. “ನಂಗೆ ಕೇಳಿ ಹತ್ತು ದಿವ್ಸ ಆತು. ಸುಮ್ನೆ ಕೂತ್ರೆ ಎಂಟಕ್ಕೊಂದು ಮಿಸ್ಸಿಂಗ್. ಮೆಟ್ಲು ಹತ್ತಿದ್ರೆ ಐದಕ್ಕೊಂದು.”

ಅವಳು ನಕ್ಕು ಇಸಿಜಿ ತೆಗೆಸಿದಳು. ಉದ್ದನೆಯ ಕಾಗದ ಹೊರಬಂತು. ಪೆನ್ನಿನ ತುದಿಯಿಂದ ಗೆರೆಗಳನ್ನು ಎಣಿಸುತ್ತ ಹೋದವಳು ಎಂಟರಲ್ಲಿ ನಿಂತಳು. ಅಲ್ಲಿ ಒಂದು ಗೆರೆಯ ಜಾಗ ಖಾಲಿ ಇತ್ತು. ಮುಂದಿನ ಎಂಟು ಎಣಿಸಿದಳು. ಮತ್ತೆ ಖಾಲಿ. ಅವಳ ನಗು ಹೋಯಿತು.

“ಇದನ್ನ ನಿಮಗೆ ಯಾರು ಹೇಳಿದ್ದು?”

“ಹೆಡ್‌ಫೋನು.”

ಅವಳು ನಿಧಾನವಾಗಿ ವಿವರಿಸಿದಳು. ಹೃದಯಕ್ಕೆ ಹೊಡೆ ಎಂದು ಹೇಳುವ ಕರೆಂಟಿನ ದಾರಿ ಒಂದು ಕಡೆ ಕೆಡುತ್ತಿದೆ. ಈಗ ಒಂದು ಹೊಡೆತ ತಪ್ಪುತ್ತಿದೆ, ಮುಂದೆ ಸಾಲಾಗಿ ತಪ್ಪಿದರೆ ಎದ್ದು ನಿಂತ ಮನುಷ್ಯ ಬೀಳುತ್ತಾನೆ. ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಇವತ್ತೇ ಹೊರಡಬೇಕು, ಎದೆಯ ಚರ್ಮದ ಕೆಳಗೆ ಬ್ಯಾಟರಿಯ ಒಂದು ಸಣ್ಣ ಪೆಟ್ಟಿಗೆ ಇಡುತ್ತಾರೆ.

“ವೈರಿಂಗ್ ಹೋಗದೆ” ಎಂದ ದಾಸ. “ಎಂಜಿನ್ ಚಲೋ ಅದೆಯಲ್ಲ?”

“ಎಂಜಿನ್ ಚೆನ್ನಾಗಿದೆ.”

ಇರ್ಷಾದ ಫೋನು ಮಾಡಿದ್ದರಿಂದ ಬೆಳ್ಳಿ ಶಿರಾಲಿ ಪೇಟೆಯಿಂದ ಬುಟ್ಟಿಯನ್ನು ಬಂಗಾರಿಗೆ ಒಪ್ಪಿಸಿ ಓಡಿ ಬಂದಳು. ದಾಸ ಮಂಚದ ಮೇಲೆ ಕೂತವನು ಇಸಿಜಿ ಕಾಗದವನ್ನು ಎತ್ತಿ ಹಿಡಿದ. “ಬೆಳ್ಳೀ, ನನ್ನ ಕಿವಿ ಸರಿ ಅದೆ ಅಂತ ಕಾಗದದ ಮೇಲೆ ಬಂತು ನೋಡು.” ದಾರಿಯುದ್ದಕ್ಕೂ ತಡೆದುಕೊಂಡು ಬಂದಿದ್ದ ಬೆಳ್ಳಿ ಆ ಮಾತಿಗೆ ಗೊಳೋ ಎಂದು ಅತ್ತಳು. ಅಳುತ್ತಲೇ ಮಡಚಿದ ಕೊಡೆಯಿಂದ ಅವನ ಭುಜಕ್ಕೆ ಎರಡು ಬಾರಿಸಿದಳು. ಡಾಕ್ಟರಮ್ಮ ಕೊಡೆ ಇಸಿದುಕೊಂಡು ಮೂಲೆಯಲ್ಲಿಟ್ಟಳು.

ಜುಲೈ ಮುಗಿಯುವ ಹೊತ್ತಿಗೆ ದಾಸ ಎದೆಯಲ್ಲಿ ಆ ಪೆಟ್ಟಿಗೆ ಇಡಿಸಿಕೊಂಡು ಮನೆಯಲ್ಲಿದ್ದ. ಎಡಗೈ ಎತ್ತಬಾರದು, ದಕ್ಕೆಗೆ ಹೋಗಬಾರದು, ಬೋಟಿಗೆ ಇಳಿಯುವ ಮಾತೇ ಇಲ್ಲ. ಹೆಡ್‌ಫೋನಿನಲ್ಲಿ ಅಯಸ್ಕಾಂತ ಇರುತ್ತದೆ, ಅದು ಪೆಟ್ಟಿಗೆಯ ಹತ್ತಿರ ಬರಬಾರದು, ಕಿವಿಗೆ ಹಾಕಬಹುದು, ಎದೆಯ ಮೇಲೆ ಇಳಿಬಿಟ್ಟುಕೊಳ್ಳಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಬೆಳ್ಳಿ ಅದನ್ನು ದೇವರ ಗೂಡಿನ ಮೇಲಿನ ಹಲಗೆಯಲ್ಲಿಟ್ಟು, ತಾನೇ ತೆಗೆದುಕೊಡಬೇಕು ಎಂದು ಕಟ್ಟಳೆ ಮಾಡಿದ್ದಳು.

ದಕ್ಕೆಯಲ್ಲಿ ಮಾತ್ರ ಪಂಚಾಯ್ತಿಕೆ ಎದ್ದಿತ್ತು. ಮಂಗಳೂರಿನವನು ಬಂದು ಕಂಪ್ಯೂಟರು ಸಿಕ್ಕಿಸಿದ್ದ, ಎಲ್ಲ ಕಡೆ ಹಸಿರು ಬಂದಿತ್ತು. ಆದರೆ ತನ್ನ ಎದೆಯ ಮಿಸ್ಸಿಂಗನ್ನು ತಾನೇ ಹಿಡಿದ ಮನುಷ್ಯ ಊರಿನಲ್ಲಿರುವಾಗ ಬಣ್ಣ ನೋಡಿಕೊಂಡು ಕಡಲಿಗೆ ಹೋಗುವುದಿಲ್ಲ ಎಂದು ರಾಜೀವನ ತಾಂಡೇಲ ಪಟ್ಟು ಹಿಡಿದು ಕೂತ. ಕೆಲಸದವರೂ ಅವನ ಪಕ್ಕದಲ್ಲಿ ಕೂತರು. ಕೊನೆಗೆ ಸುಚಿತಾ ಕುಮಟೆಯಿಂದ ಸ್ಟುಡಿಯೋದ ಮೈಕು ತಂದು, ಎಂಜಿನ್ ಕೋಣೆಗಿಳಿದು, ಆರು ಸಿಲಿಂಡರಿನ ಹತ್ತಿರವೂ ಹಿಡಿದು ಶಬ್ದ ತುಂಬಿಕೊಂಡಳು. ಮೂವತ್ತೊಂದನೇ ತಾರೀಕು ಬೆಳಗ್ಗೆ ರಾಜೀವ ಅವಳ ಹಿಂದೆಯೇ ಮನೆಗೆ ಬಂದು, ಈ ಸಲ ಜಗಲಿಯ ಮಧ್ಯದಲ್ಲಿ ಕೂತ.

ಬೆಳ್ಳಿ ಹೆಡ್‌ಫೋನು ತೆಗೆದುಕೊಟ್ಟಳು. ದಾಸ ಕಣ್ಣು ಮುಚ್ಚಿದ. ರಾಜೀವ ಕೆಮ್ಮು ಬಂದರೂ ಕೆಮ್ಮದೆ ಕಾದ. ಆರೂ ಮುಗಿಯಿತು.

“ಎಂಜಿನ್ ಆತು” ಎಂದ ದಾಸ. “ಆದ್ರೆ ನಿನ್ನ ಕೆಮ್ಮು ಹೋದ ವರ್ಷಕ್ಕಿಂತ ಹೆಚ್ಚಾಗದೆ ರಾಜೀವ. ಡಾಕ್ಟ್ರಮ್ಮಂಗೆ ತೋರಿಸು.”

ರಾಜೀವ ದಾಸನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಸುಚಿತಾಳ ಜೊತೆ ದಕ್ಕೆಗೆ ಹೊರಟ. ದಾಸ ಹೆಡ್‌ಫೋನು ಕಿವಿಯಿಂದ ಸರಿಸಿದಾಗ ಬೆಳ್ಳಿ ಬಾಗಿಲಲ್ಲೇ ನಿಂತಿದ್ದಳು.

“ಮತ್ತೆ ನಿಮ್ಮದು?” ಎಂದಳು.

ದಾಸ ವೈರನ್ನು ಫೋನಿನಿಂದ ಎಳೆದ. ಮೆತ್ತೆಯನ್ನು ಎರಡೂ ಕಿವಿಗೆ ಸರಿಯಾಗಿ ಕೂರಿಸಿ ಕಣ್ಣು ಮುಚ್ಚಿದ. ಎಂಟು ಎಣಿಸಿದ, ಒಂಬತ್ತನೆಯದು ಬಂತು. ಹತ್ತು ಬಂತು. ಇರಲಿ ಎಂದು ನೂರರವರೆಗೂ ಎಣಿಸುತ್ತ ಹೋದ. ನಲವತ್ತು ವರ್ಷದ ಸಂಸಾರದಲ್ಲಿ ಒಂದು ನಿಮಿಷ ಸುಮ್ಮನೆ ನಿಂತವಳಲ್ಲದ ಬೆಳ್ಳಿ ಸೆರಗಿನ ತುದಿ ಹಿಡಿದುಕೊಂಡು ಅಲುಗದೆ ನಿಂತಿದ್ದಳು.

“ಆತು” ಎಂದ ದಾಸ.

ಬೆಳ್ಳಿ ಹೆಡ್‌ಫೋನನ್ನು ಅವನ ತಲೆಯಿಂದ ತಾನೇ ತೆಗೆದು, ಅವನ ಎದೆಯಿಂದ ದೂರ ಹಿಡಿದುಕೊಂಡು ಒಳಗೆ ಹೋಗಿ ಹಲಗೆಯ ಮೇಲಿಟ್ಟಳು. ಆಮೇಲೆ ಟಿವಿ ಹಾಕಿ, ಅಂಗಳಕ್ಕೆ ಕೇಳುವ ಹಾಗೆ ಸೌಂಡು ಜೋರು ಮಾಡಿದಳು.